ಎಸರು ಆರುವುದರೊಳಗೆ

ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರು ಸಾಗುವುದು ಪುಷ್ಯ ಬಹುಳ ಬಿದಿಗೆಯಂದು. ಸುತ್ತಲಿನ ಊರುಗಳಲ್ಲಿ ಅದಕ್ಕೂ ಎಷ್ಟೋ ದಿನ ಮೊದಲೇ ನಸುಕಿನಲ್ಲಿ ರೊಟ್ಟಿ ಬಡಿಯುವ ಸಪ್ಪಳ ಏಳುತ್ತದೆ. ಒಂದು ಮನೆಯಲ್ಲಿ ಶುರುವಾದದ್ದು ಪಕ್ಕದ ಮನೆಗೆ, ಅಲ್ಲಿಂದ ಎದುರಿನ ಕಟ್ಟೆಗೆ ಹಬ್ಬುತ್ತದೆ. ಮಠದ ಮಹಾದಾಸೋಹ ಅವರಾತ್ರಿ ಅಮಾವಾಸ್ಯೆಯವರೆಗೂ ನಡೆಯುತ್ತದೆ. ಲಕ್ಷಾಂತರ ಜನ ಉಣ್ಣುವ ಆ ಪಂಕ್ತಿಗೆ ಹಳ್ಳಿಗಳಿಂದ ಖಡಕ್ ರೊಟ್ಟಿ, ಮಾದಲಿ, ಕಾಳು, ಕಾಯಿಪಲ್ಯ ಟ್ರ್ಯಾಕ್ಟರುಗಳಲ್ಲಿ, ಬಂಡಿಗಳಲ್ಲಿ ಬರುತ್ತಲೇ ಇರುತ್ತವೆ.

ನಮ್ಮ ಓಣಿಯ ಪಾಲು 30 ಕಿಲೋ ಹಿಟ್ಟು, ನಾಲ್ಕು ಒಲೆ, ಎರಡು ಬೆಳಗು. ಕಿಲೋ ಹಿಟ್ಟಿಗೆ 16ರಿಂದ 18 ರೊಟ್ಟಿ ಲೆಕ್ಕ. ಹರಿದದ್ದು, ಮುರಿದದ್ದು ಕಳೆದು 450ಕ್ಕೆ ಕಡಿಮೆಯಿಲ್ಲದೆ ಬುಟ್ಟಿಗೆ ಬೀಳಬೇಕು. ಪಳಗಿದ ಕೈ ಒಂದು ಹಂಚಿನ ಮೇಲೆ ತಾಸಿಗೆ 25 ರೊಟ್ಟಿ ಇಳಿಸುತ್ತದೆ. ದಿನದ ಬದುಕು ಬರೀ ಬೇಸರ ಎನಿಸಿದವರಿಗೆ ಸಮಾಧಾನದ ಮಾತು ಹೇಳುವುದಕ್ಕಿಂತ ಇಂಥ ಒಂದು ಒಲೆಯ ಮುಂದೆ ಕೂಡಿಸುವುದೇ ಮೇಲು ಎಂದು ನಂಬಿದವರು ನಾವು. ಹಾಗಾಗಿ ಆ ಎರಡು ಬೆಳಗಿನ ಕೆಲಸವನ್ನು ಕಾಳಿನಿಂದ ಬುಟ್ಟಿಯವರೆಗೆ ಇಲ್ಲಿ ಬರೆದಿದ್ದೇವೆ.

ಬಹಳಷ್ಟು ಸಲ ರೊಟ್ಟಿ ಹಂಚಿನ ಮೇಲೆ ಕೆಡುವುದಲ್ಲ, ಒಲೆ ಹೊತ್ತಿಸುವ ಮೊದಲೇ ಕೆಟ್ಟಿರುತ್ತದೆ. ಆದ್ದರಿಂದ ಮೊದಲು ಜೋಳದ ಮಾತು. ಖಡಕ್ ರೊಟ್ಟಿಗೆ ಹಿಂಗಾರಿ ಬಿಳಿಜೋಳವೇ ಬೇಕು. ಮಾಲದಂಡಿ ತಳಿ ಸಿಕ್ಕರೆ ಇನ್ನೂ ಒಳ್ಳೆಯದು. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಎರೆ ಹೊಲಕ್ಕೆ ಬಿತ್ತಿದ ಈ ಜೋಳ ನೆಲದೊಳಗಿನ ತೇವವನ್ನೇ ನಂಬಿ ಬೆಳೆಯುತ್ತದೆ. ಫೆಬ್ರವರಿ–ಮಾರ್ಚಿನಲ್ಲಿ ಕೊಯ್ಯುವಾಗ ಮಳೆಯ ಕಾಟ ಇರುವುದಿಲ್ಲ, ಹಾಗಾಗಿ ಕಾಳು ಮುತ್ತಿನಂತೆ ಬೆಳ್ಳಗೆ ಉಳಿಯುತ್ತದೆ. ತೆನೆ ಬಲಿಯುವಾಗ ಮಳೆಗೆ ಸಿಕ್ಕ ಜೋಳಕ್ಕೆ ಬೂಷ್ಟು ಹತ್ತಿ ಕಾಳಿನ ಮೂತಿ ಕಪ್ಪಾಗುತ್ತದೆ. ಅದರ ರೊಟ್ಟಿಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಜಾತ್ರೆಯ ಹೊತ್ತಿಗೆ ಹೊಸ ಜೋಳ ಇನ್ನೂ ಹೊಲದಲ್ಲೇ ಇರುವುದರಿಂದ ನಾವು ತೆಗೆಯುವುದು ಹೋದ ವರ್ಷದ, ಬೇವಿನ ಎಲೆ ಹಾಕಿ ಚೀಲದಲ್ಲಿಟ್ಟ ಕಾಳು. ಒಂದು ಇಡೀ ದಿನ ಬಿಸಿಲಿಗೆ ಹರವಿ, ಹಲ್ಲಿಗೆ ಹಾಕಿದರೆ ಕಟಕ್ಕೆನ್ನಬೇಕು. ಮೆತ್ತಗೆ ಬಾಗಿದರೆ ಇನ್ನೊಂದು ಬಿಸಿಲು ಕೊಡಿ.

ಆಮೇಲೆ ಹಸನು ಮಾಡುವುದು. ಮೊರದಲ್ಲಿ ಕೇರಿದಾಗ ಹೊಟ್ಟು ಹಾರುತ್ತದೆ, ಹರಳು ಹಿಂದೆ ಸರಿಯುತ್ತದೆ, ಕರಿಕಾಳನ್ನು ಬೆರಳೇ ಹೆಕ್ಕಬೇಕು. 30 ಕಿಲೋಗೆ ನಾಲ್ಕು ಜನಕ್ಕೆ ಅರ್ಧ ದಿನ ಹಿಡಿಯುತ್ತದೆ. ಇದನ್ನು ಅವಸರದಲ್ಲಿ ಮಾಡಿದರೆ ಒಂದೇ ಒಂದು ಹರಳು ಗಿರಣಿಯಲ್ಲಿ ಪುಡಿಯಾಗಿ ಐದು ಕಿಲೋ ಹಿಟ್ಟನ್ನು ಕರಕರ ಎನಿಸುತ್ತದೆ. ಉಣ್ಣುವವರ ಮುಖ ನಮಗೆ ಕಾಣುವುದಿಲ್ಲ. ಅವರ ಹಲ್ಲಿಗೆ ಹರಳು ಸಿಕ್ಕಿದರೂ ನಮಗೆ ತಿಳಿಯುವುದಿಲ್ಲ. ಈ ಕೆಲಸಕ್ಕೆ ಗಾಂಭೀರ್ಯ ಬರುವುದು ಅದರಿಂದಲೇ. ಮೊರದ ಸುತ್ತ ಕೂತವರು ಊರಿನ ಸುದ್ದಿಯೆಲ್ಲ ಮಾತಾಡುತ್ತಾರೆ, ಕಣ್ಣು ಮಾತ್ರ ಕಾಳಿನ ಮೇಲೆ.

ಗಿರಣಿಗೆ ಹೋದಾಗ ಜೋಳ ಬೀಸುತ್ತಿರುವ ಸರದಿ ನೋಡಿ ನಿಲ್ಲಬೇಕು. ಖಾರ ಕುಟ್ಟುವ ದಿನ ಹೋಗಲೇಬಾರದು. ಸಣ್ಣಗೆ ಬೀಸಿಸಿ, ತರಿ ಉಳಿದರೆ ರೊಟ್ಟಿಯ ಅಂಚು ಸೀಳುತ್ತದೆ. ಬೀಸಿದ ಹಿಟ್ಟು ಬಿಸಿಯಾಗಿರುತ್ತದೆ, ಅದನ್ನು ಹಾಗೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವತು ಮುಗ್ಗಲು ವಾಸನೆ ಬರುತ್ತದೆ. ತಾಸು ಹೊತ್ತು ಅರಿವೆಯ ಮೇಲೆ ಹರವಿ ಆರಿಸಿ. ಜಾತ್ರೆಯ ಹಿಟ್ಟನ್ನು ನಾವು ಬಡಿಯುವುದಕ್ಕೆ ಎರಡು ದಿನ ಮುಂಚೆ ಮಾತ್ರ ಬೀಸಿಸುತ್ತೇವೆ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯಂಶ ಇರುವುದರಿಂದ ಹಿಟ್ಟು ಇಟ್ಟಷ್ಟೂ ಕಮಟಾಗುತ್ತದೆ, ಕಹಿಯಾಗುತ್ತದೆ, ಜಿಗಿಯೂ ಹೋಗುತ್ತದೆ. ಹದಿನೈದು ದಿನ ದಾಟಿದ ಹಿಟ್ಟಿನಲ್ಲಿ ಎಂಥ ಕೈಗೂ ದೊಡ್ಡ ರೊಟ್ಟಿ ಬರುವುದಿಲ್ಲ. ಬೇಸಿಗೆಯಲ್ಲಿ ಅಷ್ಟು ದಿನವೂ ಉಳಿಯದು.

ಲಿಂಗಸುಗೂರಿನ ಹತ್ತಿರದ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ–ಲಕ್ಕಮ್ಮ ದಂಪತಿಯ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ದಿನ ಮಾರಯ್ಯ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರಲು ಕಳಿಸಿದಳಂತೆ. ಹಿಟ್ಟಿನ ಡಬ್ಬಿಯ ಮುಂದೆ ನಿಂತಾಗ ಆ ಕಥೆ ನೆನಪಾಗದೆ ಇರದು. ಈ ಹಿಟ್ಟು ಕೂಡಿಡುವವರಿಗೆ ಒಲಿಯುವುದಿಲ್ಲ.

ಇನ್ನು ಎಸರು. ರೊಟ್ಟಿಯ ಪ್ರಾಣ ಇರುವುದು ಇಲ್ಲೇ, ಹೊಸಬರು ಸೋಲುವುದೂ ಇಲ್ಲೇ.

ಗೋಧಿ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಎಳೆದಂತೆ ಹಿಗ್ಗುತ್ತದೆ, ಅದರೊಳಗೆ ಗ್ಲುಟೆನ್ ಎಂಬ ಜಿಗುಟು ಅಂಶ ಇದೆ. ಜೋಳದಲ್ಲಿ ಅದಿಲ್ಲ. ಜೋಳದ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳಬೇಕಾದರೆ ಅದರ ಪಿಷ್ಟ ಕುದಿನೀರಿನಲ್ಲಿ ಉಬ್ಬಿ ಅಂಟಾಗಬೇಕು. ಆ ಕುದಿನೀರೇ ಎಸರು. ಕಿಲೋ ಹಿಟ್ಟಿನಲ್ಲಿ ಕಾಲು ಕಿಲೋ ಒಣ ಹಿಟ್ಟೆಂದು ಪಕ್ಕಕ್ಕೆ ತೆಗೆದಿಡಿ. ಬಡಿಯುವಾಗ ಕೆಳಗೆ ಉದುರಿಸಲು ಬೇಕು. ಉಳಿದ ಮುಕ್ಕಾಲು ಕಿಲೋವನ್ನು ಪರಾತದಲ್ಲಿ ಗುಪ್ಪೆ ಮಾಡಿ ನಡುವೆ ಗುಳಿ ತೋಡಿ, ಕೊತಕೊತ ಕುದಿಯುವ ಅರ್ಧ ಲೀಟರ್ ಎಸರನ್ನು ಆ ಗುಳಿಗೆ ಹೊಯ್ಯಬೇಕು. ಕೈ ಹಾಕಬೇಡಿ, ಸಟ್ಟುಗದ ಹಿಂಬದಿಯಿಂದ ಸುತ್ತಲ ಹಿಟ್ಟನ್ನು ನಡುವಿಗೆ ಎಳೆದು ಕಲಸಿ, ಐದು ನಿಮಿಷ ಮುಚ್ಚಿಡಿ. ಆ ಮೇಲೆ ಇನ್ನೂ ಕಾಲು ಲೀಟರಿನಷ್ಟು ಉಗುರುಬೆಚ್ಚಗಿನ ನೀರನ್ನು ಚಿಮುಕಿಸುತ್ತ ನಾದಿ. ಉಪ್ಪು ನಮ್ಮಲ್ಲಿ ಹಾಕುವುದಿಲ್ಲ.

ನೀರು ಬರೀ ಬಿಸಿಯಾಗಿದ್ದು ಕುದಿ ಬಂದಿರದಿದ್ದರೆ ಹಿಟ್ಟು ನೋಡಲು ಸರಿಯಾಗಿಯೇ ಇರುತ್ತದೆ. ತಪ್ಪು ಬಯಲಾಗುವುದು ರೊಟ್ಟಿ ಆರು ಅಂಗುಲ ಆದಾಗ. ಸುತ್ತಲೂ ಒಣ ಕೆರೆಯ ತಳದ ಹಾಗೆ ಬಿರುಕು ಬಿಡುತ್ತದೆ. ಎಸರು ಹೆಚ್ಚಾದರೆ ಉಲ್ಟಾ: ಹಿಟ್ಟು ಅಂಟಂಟಾಗಿ ಕಲ್ಲಿಗೆ ಹಿಡಿಯುತ್ತದೆ. ಅದಕ್ಕೆ ಒಣ ಹಿಟ್ಟು ಬೆರೆಸಿ ಸರಿಮಾಡಲು ಹೋದರೆ ಬೇಯದ ಹಿಟ್ಟು ಎಳೆಎಳೆಯಾಗಿ ಉಳಿದು ಅಲ್ಲಲ್ಲೇ ಹರಿಯುತ್ತದೆ. ಜಾತ್ರೆಯ ಕಾಲ ಚಳಿಗಾಲ. ಒಲೆಯಿಂದ ಪರಾತಕ್ಕೆ ಹತ್ತು ಹೆಜ್ಜೆ ಇದ್ದರೂ ಎಸರು ಕುದಿ ಕಳೆದುಕೊಳ್ಳುತ್ತದೆ. ಪರಾತವನ್ನೇ ಒಲೆಯ ಮಗ್ಗುಲಿಗೆ ತನ್ನಿ. "ಯಕ್ಕಾ, ಎಸರು ಆರಾಕಹತ್ತೈತಿ, ಲಗೂ ಬಾ" ಎಂದು ಒಬ್ಬರು ಕೂಗಿದರೆ ಉಳಿದವರು ಮಾತನ್ನು ಅರ್ಧಕ್ಕೇ ಬಿಟ್ಟು ಏಳುತ್ತಾರೆ.

ಒಂದು ಸಲಕ್ಕೆ ಒಂದೇ ಕಿಲೋ. 30 ಕಿಲೋ ಇದೆಯೆಂದು ಐದು ಕಿಲೋಗೆ ಒಟ್ಟಿಗೇ ಎಸರು ಹೊಯ್ದರೆ ಕೊನೆಯ ಎರಡು ಕಿಲೋ ತಣ್ಣಗಾಗಿ, ಗಟ್ಟಿಯಾಗಿ ಕೈಗೆ ಬಗ್ಗುವುದಿಲ್ಲ. ಗೋಧಿ ಹಿಟ್ಟಿನ ಹಾಗೆ ರಾತ್ರಿ ಕಲಸಿ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ಬಡಿಯುವ ಅನುಕೂಲ ಇದರಲ್ಲಿಲ್ಲ. ದಿನಾ ಹೊಸ ಎಸರು, ದಿನಾ ಹೊಸ ಹಿಟ್ಟು. ಇದನ್ನು ತಾಪತ್ರಯ ಎನ್ನುವವರಿದ್ದಾರೆ, ಅವರ ಮಾತೂ ಸುಳ್ಳಲ್ಲ. ಆದರೆ ನಿನ್ನೆ ರೊಟ್ಟಿಗಳೆಲ್ಲ ಹರಿದು ಹೋಗಿದ್ದರೆ ಆ ಹರಕು ಇವತ್ತಿನ ಹಿಟ್ಟಿಗೆ ದಾಟಿ ಬರುವುದಿಲ್ಲ. ನಿನ್ನೆ ಹುಣ್ಣಿಮೆಯ ಚಂದ್ರನಂಥ ರೊಟ್ಟಿ ಮಾಡಿದ್ದರೂ ಇವತ್ತು ಎಸರನ್ನು ಕುದಿಸಲೇಬೇಕು. ಭರವಸೆ ಎಂಬ ದೊಡ್ಡ ಮಾತು ನಮಗೆ ಅರ್ಥವಾದದ್ದು ಹೀಗೆ.

ನಾದುವಾಗ ಇಡೀ ಹಿಟ್ಟನ್ನು ಒಮ್ಮೆ ಹದ ಮಾಡಿ ಒದ್ದೆ ಅರಿವೆ ಹೊದಿಸಿ. ನಂತರ ಒಂದೊಂದು ರೊಟ್ಟಿಗೆ ಬೇಕಾದಷ್ಟೇ, ಅಂದರೆ 90 ಗ್ರಾಂ, ದೊಡ್ಡ ನಿಂಬೆಹಣ್ಣಿನ ಗಾತ್ರ ಮುರಿದುಕೊಂಡು ಅಂಗೈಯ ಬುಡದಿಂದ ಒತ್ತಿ ತಳ್ಳಿ ನಲವತ್ತು ಸಲ ನಾದಬೇಕು. ಉಂಡೆ ಮಾಡಿ ಹೆಬ್ಬೆರಳಿನಿಂದ ಒತ್ತಿ ನೋಡಿ. ಅಂಚಿನಲ್ಲಿ ಬಿರುಕು ಕಂಡರೆ ಬೆರಳ ತುದಿಯಷ್ಟು ನೀರು, ಇನ್ನೂ ಹತ್ತು ಒತ್ತು. ನುಣುಪಾಗಿ ಬಾಗಿದರೆ ಅದು ತಯಾರು. ಇದು ತೋಳಿನ ಬಲದ ಕೆಲಸ. ನಮ್ಮ ಓಣಿಯಲ್ಲಿ ಜಾತ್ರೆಯ ರೊಟ್ಟಿಗೆ ಗಂಡಸರು ನಾದಲು ಕೂರುವುದು ರೂಢಿಯಾಗಿದೆ. ಮನೆಯ ದಿನದ ರೊಟ್ಟಿಗೂ ಕೂತರೆ ಇನ್ನೂ ಒಳ್ಳೆಯದು. ಒಬ್ಬಳೇ ಹೆಂಗಸು ಹೊಗೆಯಲ್ಲಿ ಎರಡು ಹೊತ್ತು ಮೂವತ್ತು ಮೂವತ್ತು ರೊಟ್ಟಿ ಬಡಿದು ಸೊಂಟ ಹಿಡಿದುಕೊಂಡು ಏಳುವುದನ್ನು ಸಂತೋಷ ಎಂದು ಹೊಗಳುವುದು ಅನ್ಯಾಯ. ಆನಂದ ಹುಟ್ಟುವುದು ಕೆಲಸ ಹಂಚಿಹೋದಾಗ. ಹಾಗಾಗಿ 25 ರೊಟ್ಟಿಗೆ ಒಮ್ಮೆ ಜಾಗ ಬದಲಿಸುತ್ತೇವೆ: ಬಡಿಯುವವರು ಹಂಚಿಗೆ, ಹಂಚಿನವರು ಬುಟ್ಟಿಗೆ, ಬುಟ್ಟಿಯವರು ಕಲ್ಲಿಗೆ.

ಬಡಿಯುವ ಕಲೆಯನ್ನು ಅಕ್ಷರದಲ್ಲಿ ಹೇಳುವುದು ಕಷ್ಟ, ಆದರೂ ಮುಖ್ಯವಾದದ್ದು ಇಷ್ಟು. ಕಲ್ಲಿನ ಮೇಲೆ ಒಣ ಹಿಟ್ಟು ಹರವಿ, ಉಂಡೆಯನ್ನು ಚಪ್ಪಟೆ ಮಾಡಿಟ್ಟು, ಬಲಗೈಯ ಬೆರಳುಗಳನ್ನು ಜೋಡಿಸಿ ಅಂಚಿನ ಮೇಲೆ ಬಡಿಯಬೇಕು. ಎಡಗೈ ಅಂಚನ್ನು ಕಾಯುತ್ತದೆ. ಪ್ರತಿ ಪೆಟ್ಟಿಗೂ ರೊಟ್ಟಿ ತುಸು ತಿರುಗಬೇಕು, ನಾವು ತಿರುಗಿಸುವುದಲ್ಲ. "ನೀ ಅಂಚಿಗೆ ಬಡಿ ಯವ್ವಾ, ಅದು ತನ್ನಷ್ಟಕ್ಕ ತಿರಗತೈತಿ" ಎಂದು ಹಿರಿಯರು ಹೇಳುವುದು ಇದನ್ನೇ. ತಿರುಗುವುದು ನಿಂತಿತೆಂದರೆ ಕೆಳಗಿನ ಒಣ ಹಿಟ್ಟು ಮುಗಿದಿದೆ. ಆಗ ಜೋರು ಮಾಡದೆ ಅಂಚನ್ನು ಎತ್ತಿ ಚಿಟಿಕೆ ಹಿಟ್ಟು ಒಳಗೆ ಸರಿಸಿ. ಹೊಸಬರು ನಡುವಿಗೆ ಬಡಿಯುತ್ತಾರೆ, ನಡು ತೆಳ್ಳಗಾಗಿ ಎತ್ತುವಾಗ ತೂತು ಬೀಳುತ್ತದೆ. ಹತ್ತು ಅಂಗುಲ ಅಗಲ, ಎರಡು ಮಿಲಿಮೀಟರಿಗೂ ಕಡಿಮೆ ದಪ್ಪ, ಅಂಚು ಮತ್ತು ನಡು ಒಂದೇ ಸಮ. ಅಲ್ಲಿಗೆ ಬಂದಾಗ ಪೆಟ್ಟಿನ ಸಪ್ಪಳವೇ ಬದಲಾಗುತ್ತದೆ, ಮೆತ್ತಗಿನ ದಪದಪ ಹೋಗಿ ಕಲ್ಲಿನ ಪಟಪಟ ಕೇಳುತ್ತದೆ. ಕಣ್ಣು ಮುಚ್ಚಿದರೂ ತಿಳಿಯುತ್ತದೆ.

ಈ ಒಂದು ನಿಮಿಷದಲ್ಲಿ ಬೇರೆ ಯಾವ ಚಿಂತೆಗೂ ಜಾಗವಿಲ್ಲ. ಸಾಲ, ಮಳೆ, ಮಕ್ಕಳ ಪರೀಕ್ಷೆ ಎಲ್ಲ ಇದ್ದಲ್ಲೇ ಇರುತ್ತವೆ, ಆದರೆ ಅವುಗಳತ್ತ ಮನಸ್ಸು ಹೊರಳಿದ ಕೂಡಲೇ ಬೆರಳು ಅಂಚು ತಪ್ಪುತ್ತದೆ. ಮನಸ್ಸನ್ನು ಕೈ ಎಳೆದು ತರುತ್ತದೆ. ಸುಮ್ಮನೆ ಕೂತು ಮನಸ್ಸನ್ನು ಹಿಡಿಯಲು ಆಗದವರು ಇದನ್ನೊಮ್ಮೆ ಮಾಡಿ ನೋಡಬೇಕು.

ಹಂಚು ಕಬ್ಬಿಣದ್ದು. ಅದರ ಕಾವು ನೋಡಲು ಚಿಟಿಕೆ ಹಿಟ್ಟು ಉದುರಿಸಿ: ಐದು ಎಣಿಸುವಷ್ಟರಲ್ಲಿ ಕಂದಾದರೆ ಹದ, ಬಿದ್ದ ಕೂಡಲೇ ಕರಿಕಾದರೆ ಉರಿ ಹೆಚ್ಚು. ಒಲೆ ಹೊತ್ತಿಸಲು ಹತ್ತಿಕಟ್ಟಿಗೆ ಚಲೋ, ಭರ್ರನೆ ಉರಿಯುತ್ತದೆ. ಆದರೆ ಅದು ನಿಲ್ಲುವುದಿಲ್ಲ. ಒಂದೇ ಸಮನಾದ ಕಾವಿಗೆ ಬಳ್ಳಾರಿ ಜಾಲಿಯ ಕೆಂಡಕ್ಕೆ ಸಮ ಯಾವುದೂ ಇಲ್ಲ. ಹೊಲಗಳನ್ನೆಲ್ಲ ನುಂಗುವ ಆ ಮುಳ್ಳುಗಿಡ ಒಲೆಯ ಮುಂದೆ ಮಾತ್ರ ಋಣ ತೀರಿಸುತ್ತದೆ.

ರೊಟ್ಟಿಯನ್ನು ಅಂಗೈಗೆ ಎತ್ತಿಕೊಂಡು, ಒಣ ಹಿಟ್ಟು ಹತ್ತಿದ ಮಗ್ಗುಲು ಮೇಲೆ ಬರುವಂತೆ ಹಂಚಿಗೆ ಹಾಕಿ. ತಡಮಾಡದೆ ಒದ್ದೆ ಅರಿವೆಯಿಂದ ಮೇಲೆಲ್ಲ ತೆಳ್ಳಗೆ ನೀರು ಸವರಿ. ಈ ನೀರು ಒಣ ಹಿಟ್ಟನ್ನು ನೆನೆಸಿ, ಸಣ್ಣ ಬಿರುಕುಗಳನ್ನು ಮುಚ್ಚಿ, ಒಳಗಿನ ಹಬೆ ಹೊರಗೆ ಹೋಗದಂತೆ ತಡೆಯುತ್ತದೆ. ಸವರಿದ ನೀರಿನ ಹೊಳಪು ಮಾಯವಾದ ಕೂಡಲೇ, ಅರ್ಧ ನಿಮಿಷಕ್ಕೂ ಮುಂಚೆ, ಮಗುಚಬೇಕು. ನೀರು ಇದ್ದಾಗಲೇ ಮಗುಚಿದರೆ ಹಂಚಿಗೆ ಹಿಡಿಯುತ್ತದೆ. ಪೂರ್ತಿ ಒಣಗಲು ಬಿಟ್ಟರೆ ಮೇಲ್ಮೈ ಸೀಳಿ ಹಬೆ ಸೋರಿಹೋಗುತ್ತದೆ, ಆ ರೊಟ್ಟಿ ಉಬ್ಬುವುದಿಲ್ಲ. ಎಲ್ಲ ಸರಿಯಾಗಿದ್ದರೆ ಎರಡನೆಯ ಮಗ್ಗುಲು ಬೇಯುತ್ತಿದ್ದಂತೆ ಒಂದು ಮೂಲೆಯಲ್ಲಿ ಗುಳ್ಳೆ ಏಳುತ್ತದೆ, ಮಡಚಿದ ಅರಿವೆಯಿಂದ ಮೆತ್ತಗೆ ಒತ್ತಿದಾಗ ಗಾಳಿ ಸರಿದು ಇಡೀ ರೊಟ್ಟಿ ಪುಗ್ಗೆಯಂತೆ ಏಳುತ್ತದೆ. ನೂರನೆಯದು ಉಬ್ಬಿದಾಗಲೂ ಸುತ್ತ ಕೂತವರ ಮುಖ ಒಂದು ಕ್ಷಣ ಅರಳುತ್ತದೆ. ಇಷ್ಟು ಚೊಕ್ಕವಾಗಿ, ಎರಡೇ ನಿಮಿಷದಲ್ಲಿ, ಮಾಡಿದ್ದು ಸರಿಯೋ ತಪ್ಪೋ ಎಂದು ಉತ್ತರ ಕೊಡುವ ಕೆಲಸಗಳು ಬದುಕಿನಲ್ಲಿ ಕಡಿಮೆ.

ಮನೆಗಾದರೆ ಇಲ್ಲಿಗೆ ಮುಗಿಯಿತು, ಬಿಸಿ ರೊಟ್ಟಿ ತಾಟಿಗೆ. ಜಾತ್ರೆಯ ರೊಟ್ಟಿ ವಾರಗಟ್ಟಲೆ ಉಳಿಯಬೇಕಾದ್ದರಿಂದ ಅದನ್ನು ಖಡಕ್ ಮಾಡಬೇಕು. ಪಕ್ಕದ ಒಲೆಯಲ್ಲಿ ಉರಿ ತೆಗೆದು ಕೆಂಡ ಮಾತ್ರ ಉಳಿಸಿ, ಎರಡನೆಯ ಹಂಚಿನ ಮೇಲೆ ಅರಿವೆಯಿಂದ ಒತ್ತುತ್ತ ಒಂದೊಂದು ಮಗ್ಗುಲಿಗೆ ಎರಡು ಮೂರು ನಿಮಿಷ ಕೊಡುತ್ತೇವೆ. ಬಣ್ಣ ಕಂದಾಗಬಾರದು, ತೇವ ಮಾತ್ರ ಹೋಗಬೇಕು. ಉಗುರಿನಿಂದ ತಟ್ಟಿದರೆ ಟಣ್ ಎನ್ನಬೇಕು. ಆಮೇಲೆ ಒಂದರ ಮೇಲೊಂದು ಒಟ್ಟದೆ, ಗೋಡೆಗೆ ಆನಿಸಿ ಗಾಳಿಗೆ ನಿಲ್ಲಿಸಿ ಅರ್ಧ ತಾಸು ಆರಿಸಬೇಕು. ಅವಸರ ಮಾಡಿ ಬೆಚ್ಚಗಿರುವಾಗಲೇ ಬುಟ್ಟಿಗೆ ಪೇರಿಸಿದರೆ ಆ ಒಂದು ರೊಟ್ಟಿಯ ಹಬೆ ಮೇಲಿನ ನಾಲ್ಕು, ಕೆಳಗಿನ ನಾಲ್ಕನ್ನು ಮೆತ್ತಗೆ ಮಾಡುತ್ತದೆ, ಮೂರು ದಿನಕ್ಕೆ ಬೂಷ್ಟು ಕಾಣಿಸುತ್ತದೆ. ಬುಟ್ಟಿಗೆ ಒಣಗಿದ ಹತ್ತಿ ಅರಿವೆ ಹಾಸಿ, ತುಂಬಿದ ಮೇಲೆ ಅದನ್ನೇ ಮಡಚಿ ಮುಚ್ಚಿ. ಪ್ಲಾಸ್ಟಿಕ್ ಬೇಡ.

ಹೊಸದಾಗಿ ಕಲಿಯುವವರು, ಅದರಲ್ಲೂ ಊರು ಬಿಟ್ಟು ಗ್ಯಾಸ್ ಒಲೆಯ ಮುಂದೆ ನಿಂತವರು, ಕಾಲು ಕಿಲೋ ಹಿಟ್ಟಿನಿಂದ ಶುರುಮಾಡಲಿ. 60 ಗ್ರಾಂ ಒಣ ಹಿಟ್ಟಿಗೆ ತೆಗೆದಿಟ್ಟು, ಉಳಿದದ್ದಕ್ಕೆ 125 ಮಿಲಿಲೀಟರ್ ಎಸರು, ಬೇಕಾದಷ್ಟು ಬೆಚ್ಚನೆಯ ನೀರು. ದೊಡ್ಡದು ಮಾಡಿದರೆ ನಾಲ್ಕು ರೊಟ್ಟಿ. ಮೊದಲ ವಾರ ಆರು ಅಂಗುಲಕ್ಕಿಂತ ದೊಡ್ಡದು ಮಾಡಬೇಡಿ. ಎಸರಿನ ಹದ ಕೈಗೆ ಬರಲಿ, ಅಗಲ ತಾನೇ ಬರುತ್ತದೆ. ನಾನ್‌ಸ್ಟಿಕ್ ತವೆಯಲ್ಲಿ ಕಾವು ಸಾಲದೆ ರೊಟ್ಟಿ ಬೆಳ್ಳಗೆ ಒಣಗುತ್ತದೆ, ಕಬ್ಬಿಣದ ಹಂಚೇ ಇರಲಿ. ಒಂದು ರೊಟ್ಟಿ ಹೆಚ್ಚಿಗೆ ಬಡಿದಿಡುವ ರೂಢಿ ಮಾಡಿಕೊಳ್ಳಿ. ನಮ್ಮ ಕಡೆ ಸಾವಾದ ಮನೆಯಲ್ಲಿ ಅಂದು ಒಲೆ ಹೊತ್ತಿಸುವುದಿಲ್ಲ. ಓಣಿಯವರು ರೊಟ್ಟಿ ಪಲ್ಯದ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಅಳುವವರ ಪಕ್ಕ ಕೂತು ತುತ್ತು ಮುರಿದು ಕೊಡುತ್ತಾರೆ. ಆ ಹೊತ್ತಿಗೆ ಬೇಕಾದ ಮಾತು ಯಾರಿಗೂ ಹೊಳೆಯುವುದಿಲ್ಲ. ರೊಟ್ಟಿ ಬಡಿಯಲು ಬಂದರೆ ಕೈಯಲ್ಲಿ ಕೊಡಲು ಏನೋ ಒಂದು ಇರುತ್ತದೆ.

ಎರಡನೆಯ ಬೆಳಗು ಬುಟ್ಟಿಗಳು ಟ್ರ್ಯಾಕ್ಟರಿಗೆ ಏರುತ್ತವೆ. ಕೆಳಗೆ ಮೇವು ಹಾಸಿರುತ್ತಾರೆ, ರಸ್ತೆಯ ಕುಲುಕಾಟಕ್ಕೆ ರೊಟ್ಟಿ ಮುರಿಯಬಾರದೆಂದು. ಆಗಲೇ ಮುರಿದವು, ಅಂಚು ಸೀಳಿದವು ಬುಟ್ಟಿಗೆ ಸೇರುವುದಿಲ್ಲ. ಅವು ಬಡಿದವರ ಪಾಲು, ಮೊಸರು, ಗುರೆಳ್ಳು ಚಟ್ನಿ, ಕೆಂಪುಖಾರದ ಜೊತೆ. ಕೊನೆಯ ಅರ್ಧ ಕಿಲೋ ಹಿಟ್ಟನ್ನು ಮಾತ್ರ ಬೇಕೆಂದೇ ಉಳಿಸಿರುತ್ತೇವೆ, ಮುಟಗಿಗೆ. ಹಂಚಿನಿಂದ ಇಳಿದ ದಪ್ಪನೆಯ ಎರಡು ಬಿಸಿ ರೊಟ್ಟಿಗೆ ಐದಾರು ಬೆಳ್ಳುಳ್ಳಿ ಎಸಳು, ಮೂರು ಹಸಿಮೆಣಸಿನಕಾಯಿ, ಅರ್ಧ ಚಮಚ ಜೀರಿಗೆ, ಉಪ್ಪು. ಒರಳಿನಲ್ಲಿ ಮೊದಲು ಇವನ್ನು ಜಜ್ಜಿ, ಮೇಲೆ ರೊಟ್ಟಿ ಮುರಿದು ಹಾಕಿ ಬಿಸಿ ಇರುವಾಗಲೇ ಕುಟ್ಟಿ, ಒಂದು ಚಮಚ ಶೇಂಗಾ ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಮುಟಗಿ ಕಟ್ಟಬೇಕು. ಆರಿದರೆ ಕೂಡುವುದಿಲ್ಲ. ಒಂದೇ ಪರಾತದ ಸುತ್ತ ಕೂತು ಉಂಡ ಮೇಲೆ ಎಸರಿನ ಪಾತ್ರೆಯ ತಳದಲ್ಲಿ ಉಳಿದ ಬೆಚ್ಚನೆಯ ನೀರನ್ನು ಒಬ್ಬರು ಹೊಯ್ಯುತ್ತಾರೆ, ಉಳಿದವರು ಸಾಲಾಗಿ ಕೈಯೊಡ್ಡಿ ಬೆರಳ ಸಂದಿಯಲ್ಲಿ ಒಣಗಿದ ಹಿಟ್ಟನ್ನು ತೊಳೆದುಕೊಳ್ಳುತ್ತಾರೆ.